ಎರಡು ಮನೆಯ ಗಂಡಸರು

ನೂರ ನಲವತ್ತಮೂರು ಗಂಡಸರನ್ನು ನಾನು ಒಂದೇ ಮಧ್ಯಾಹ್ನ ಹೊಡೆದುಹಾಕಿದ್ದೆ, ಕೆಂಪು ಪೆನ್ನಿನಲ್ಲಿ. ಗಾಬರಿಯಾಗಬೇಡಿ, ನಾನು ಸರ್ಕಾರಿ ನೌಕರ. ತಿರುವನಂತಪುರದ ಪಟ್ಟಂನಲ್ಲಿ ಒಂದು ಕೇಂದ್ರ ಕಚೇರಿ, ಅಲ್ಲಿ ಅಂಕಿಅಂಶದ ಕೆಲಸ. ಹೊಡೆದದ್ದು ಹೆಸರುಗಳನ್ನು ಮಾತ್ರ, ಹಾಗೆಂದು ನಾನು ಆಗ ತಿಳಿದುಕೊಂಡಿದ್ದೆ.

ಅದು ಎರಡು ಸಾವಿರದ ಆರನೇ ಇಸವಿ. ಲಕ್ಷದ್ವೀಪದ ಕಡೆಯ ಒಂದು ಪುಟ್ಟ ದ್ವೀಪದ ಕೈಪಿಡಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ದ್ವೀಪದ ಹೆಸರು ಚೆರಿಯಕರ ಎಂದಿಟ್ಟುಕೊಳ್ಳಿ. ಭೂಗೋಳ, ಜನ, ಆಡಳಿತ, ಆರ್ಥಿಕತೆ ಎಂದು ನಾಲ್ಕು ಅಧ್ಯಾಯ. ಬರೆಯುವವನು ಮಂಜೇಶ್ವರದ ಈ ರತ್ನಾಕರ, ದ್ವೀಪವನ್ನು ಕಣ್ಣಿಂದ ಕಂಡವನೇ ಅಲ್ಲ. ಉದ್ದ ಎರಡು ಕಿಲೋಮೀಟರ್ ಇಲ್ಲ, ಅಗಲ ಕೂಗಿದರೆ ಕೇಳುವಷ್ಟು. ಹೊಳೆ ಇಲ್ಲ, ಗುಡ್ಡ ಇಲ್ಲ. ಇರುವುದು ತೆಂಗು, ಟ್ಯೂನಾ ಜಾತಿಯ ಸೂರೆಮೀನು, ನಾರಿನ ಹಗ್ಗ. ಇಷ್ಟಕ್ಕೆ ನಾಲ್ಕು ಅಧ್ಯಾಯ ಬೇರೆ ಕೇಡು ಎಂದು ನಾನು ದಿನಾ ಗೊಣಗುತ್ತಿದ್ದೆ.

ನವೆಂಬರಿನಲ್ಲಿ ಅಲ್ಲಿ ಮನೆಮನೆಗೆ ಹೋಗಿ ಬರೆದ ನಮೂನೆಗಳು ನನ್ನ ಮೇಜಿಗೆ ಬಂದಾಗ ತಲೆ ಕೆಟ್ಟುಹೋಯಿತು. ಒಬ್ಬನೇ ಮನುಷ್ಯ ಎರಡು ಕಡೆ ಇದ್ದಾನೆ! ಅದೇ ಹೆಸರು, ಅದೇ ತಾಯಿ, ಅದೇ ವಯಸ್ಸು. ಆರನೇ ಮನೆಯಲ್ಲಿ ಮಗ, ಇಪ್ಪತ್ತೊಂದನೇ ಮನೆಯಲ್ಲಿ ಗಂಡ. ಹೀಗೆ ಒಬ್ಬಿಬ್ಬರಲ್ಲ, ನೂರ ನಲವತ್ತಮೂರು ಜನ. ಬರೆದವನು ಕುಡಿದು ಬರೆದಿರಬೇಕು ಎಂದು ಬೈದೆ. ಇಂಥದ್ದಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಎರಡೂ ಕಡೆ ಹೊಡೆದು, 'ಪರಿಶೀಲಿಸಿ ತಿಳಿಸಿ' ಎಂದು ಪತ್ರ ಕಳಿಸುವುದು, ಉತ್ತರ ಬಂದರೆ ಸರಿಯಾದ ಕಡೆ ಮತ್ತೆ ಸೇರಿಸುವುದು. ಪತ್ರ ಕೊಚ್ಚಿಗೆ ಹೋಗಿ, ಹಡಗಿಗೆ ಕಾದು, ಎಲ್ಲಿ ಕಳೆದುಹೋಯಿತೋ ದೇವರೇ ಬಲ್ಲ. ಉತ್ತರ ಬರಲಿಲ್ಲ. ಮಾರ್ಚ್ ಮುಗಿಯಿತು, ಕೈಪಿಡಿ ಅಚ್ಚಾಯಿತು. ಜನಸಂಖ್ಯೆ: ಮುನ್ನೂರ ಐವತ್ತೇಳು. ನಾನು ಕೈ ತೊಳೆದುಕೊಂಡೆ.

ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಬ್ಯಾಗು ಕೆಳಗಿಡುವಷ್ಟರಲ್ಲಿ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತರು. ಐವತ್ತೈದು ದಾಟಿದ ವಯಸ್ಸು, ತಲೆಗೆ ತಟ್ಟ ಎನ್ನುವ ಬಿಳಿ ವಸ್ತ್ರ, ಕೈಯಲ್ಲಿ ಕೊಡೆ ಮತ್ತು ರೆಕ್ಸಿನ್ ಚೀಲ. ಕೊಚ್ಚಿಯಿಂದ ಮುಂಜಾನೆಯ ರೈಲು ಹಿಡಿದು ಬಂದಿದ್ದರು. ಚೀಲದಿಂದ ನಮ್ಮ ಕೈಪಿಡಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಸಾರೇ, ಇದನ್ನು ಬರೆದದ್ದು ಯಾರು?" ಮಲಯಾಳವೇ, ಆದರೆ ನಾನು ಕೇಳಿದ ಮಲಯಾಳಗಳಿಗಿಂತ ಹಳೆಯದು.

"ನಾನೇ. ಎಂತಾಯ್ತು?"

"ನಮ್ಮ ಗಂಡಸರೆಲ್ಲ ಎಲ್ಲಿ ಹೋದರು?"

ಅವರ ಹೆಸರು ಹಾಜರಾಬಿ, ಚೆರಿಯಕರದ ಪಂಚಾಯತ್ ಸದಸ್ಯೆ. ನಿಂತುಕೊಂಡೇ ವಿಷಯ ಹೇಳಿದರು. ಐನೂರಕ್ಕಿಂತ ಕಡಿಮೆ ಜನವಿರುವ ದ್ವೀಪಕ್ಕೆ ಖಾಯಂ ಡಾಕ್ಟರ್ ಇಲ್ಲ, ನರ್ಸ್ ಮಾತ್ರ ಎಂದು ಒಂದು ಆದೇಶ. ನನ್ನ ಮುನ್ನೂರ ಐವತ್ತೇಳನ್ನು ನೋಡಿದವರು ಡಾಕ್ಟರ್ ಹುದ್ದೆಯನ್ನೇ ತೆಗೆದುಹಾಕಿದ್ದರು. ರಜೆಗೆಂದು ಬಂದಿದ್ದ ಡಾಕ್ಟರ್ ಮೇರಿ ಈಗ ಕೊಚ್ಚಿಯಲ್ಲಿ ಟ್ರಂಕು ಇಟ್ಟುಕೊಂಡು ಕೂತಿದ್ದಾರೆ. ನಾಳೆ ಹನ್ನೊಂದಕ್ಕೆ ಮಳೆಗಾಲದ ಮೊದಲಿನ ಕೊನೆಯ ಹಡಗು. ಅದು ತಪ್ಪಿದರೆ ಸೆಪ್ಟೆಂಬರ್ ತನಕ ಅಲ್ಲಿಗೆ ಯಾರೂ ಹೋಗುವಂತಿಲ್ಲ.

"ನನ್ನ ಮಗಳಿಗೆ ದಿನ ತುಂಬುತ್ತಿದೆ. ಮಗು ಅಡ್ಡ ಮಲಗಿದೆ ಅಂತ ಮೇರಿ ಡಾಕ್ಟರ್ ಹೇಳಿದ್ದಾರೆ. ಹಡಗು ಹತ್ತು, ಕೊಚ್ಚಿಗೆ ಹೋಗೋಣ ಅಂದರೆ ಅವಳು ಒಪ್ಪುವುದಿಲ್ಲ."

ಕೆಂಪು ಪೆನ್ನು ನನ್ನದೇ ಎಂದು ನೆನಪಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಅಲ್ಲ, ಒಬ್ಬ ಮನುಷ್ಯ ಎರಡು ಮನೆಯಲ್ಲಿ ಇರ್ಲಿಕ್ಕೆ ಹೇಗೆ ಆಗ್ತದೆ?" ಎಂದು ಏರುದನಿಯಲ್ಲೇ ಕೇಳಿದೆ.

ಹಾಜರಾಬಿ ನನ್ನನ್ನು ತಾಯಿ ಮಗನನ್ನು ನೋಡುವಂತೆ ಕನಿಕರದಿಂದ ನೋಡಿದರು. "ಮನೆ ಹೆಂಗಸರದ್ದು, ಮೋನೇ. ಗಂಡು ಹುಟ್ಟಿದ ಮನೆಯಲ್ಲೇ ದುಡಿಯುತ್ತಾನೆ, ಅಲ್ಲೇ ಉಣ್ಣುತ್ತಾನೆ. ಸಂಜೆಯ ನಮಾಜು ಮುಗಿದ ಮೇಲೆ ಹೆಂಡತಿಯ ಮನೆಗೆ ಹೋಗುತ್ತಾನೆ. ಬೆಳಗಾದರೆ ಮತ್ತೆ ತಾಯಿಯ ಮನೆ. ಬರೆಯಲು ಬಂದವನು ಎರಡು ಕಡೆ ಕೇಳಿದ, ಎರಡು ಕಡೆಯೂ ಇದ್ದಾನೆ ಅಂದೆವು. ಸುಳ್ಳೇನು?"

ಗಲಾಟೆ ಕೇಳಿ ನಮ್ಮ ಸಾಹೇಬರು ಹಾಲಪ್ಪ ಹೊರಗೆ ಬಂದರು. ಗದಗಿನ ಕಡೆಯವರು. ಕಡತ ಎಂದರೆ ಪ್ರಾಣ, ಕಡತದಲ್ಲಿ ತಪ್ಪು ಎಂದರೆ ಪ್ರಾಣಸಂಕಟ. ನಾನು ಎಲ್ಲವನ್ನೂ ಒಪ್ಪಿಸಿದೆ.

"ನೂರಾ ನಲವತ್ಮೂರ್ ಮಂದಿ!" ಎಂದು ಅವರು ಹಣೆ ಹಣೆ ಬಡಿದುಕೊಂಡರು. "ಒಂದ್ ಪೆನ್ನಿನ್ಯಾಗ! ಏನ್ ಕೈಯೋ ಏನ್ ಕೊಡ್ಲಿಯೋ ನಿಮ್ದು? ಕೂಡ್ರಿ ಮೊದ್ಲ. ಪಂಚಾಯ್ತಿ ಮೆಂಬರ್ ಅದಾರಂದ್ರ ಇವ್ರ ಪರಿಶೀಲನಾ ಮಾಡಬಹುದು. ಒಂದೊಂದ್ ಹೆಸ್ರೂ ಹೇಳ್ಲಿ, ನೀವು ನಮೂನಿ ತಾಳೆ ನೋಡ್ರಿ. ಕಡೀಕ ಘೋಷಣಾಪತ್ರಕ್ಕ ಸಹಿ. ಪಟ್ಟಿ ತಂದಾರೇನ್ ಕೇಳ್ರಿ."

ಕೇಳಿದೆ. "ಪಟ್ಟಿ ಯಾಕೆ?" ಎಂದು ಹಾಜರಾಬಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಬಡಗಣ ತುದಿಯಿಂದ ಶುರು ಮಾಡಿದರು.

ನಾನು ಇಪ್ಪತ್ತು ವರ್ಷ ಜನರನ್ನು ಎಣಿಸಿದವನು. ಆ ದಿನ ಕೇಳಿದ್ದನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆಕೆ ಹೆಸರು ಹೇಳುತ್ತಿರಲಿಲ್ಲ, ನಡೆಯುತ್ತಿದ್ದರು. ಇದು ಒಂದನೇ ಮನೆ, ಅಂಗಳದಲ್ಲಿ ದೋಣಿ ಕವುಚಿದೆ, ಇಲ್ಲಿಯ ದೊಡ್ಡ ಮಗ ಇಬ್ರಾಹಿಂ, ರಾತ್ರಿ ಹನ್ನೆರಡನೇ ಮನೆಗೆ ಹೋಗುತ್ತಾನೆ. ಈ ಏಳು ತೆಂಗು ಶುಕ್ರವಾರದ ಸೊತ್ತು, ಅಂದರೆ ತಾಯಿಯಿಂದ ಮಗಳಿಗೆ ಬರುವಂಥದ್ದು, ಯಾರೂ ಮಾರುವ ಹಾಗಿಲ್ಲ. ಆಚೆಯ ಮೂರು ಸೋಮವಾರದ ಸೊತ್ತು, ಇಬ್ರಾಹಿಂ ಸ್ವಂತ ದುಡಿದು ಕೊಂಡದ್ದು. ಯಾವ ಮರ ಯಾವ ಗಾಳಿಗೆ ಯಾವ ಕಡೆ ಬಾಗಿದೆ ಎಂಬುದೂ ಬಂತು. ನಾನು ನಮೂನೆ ತಿರುವುತ್ತ, ಕೆಂಪು ಗೆರೆಯ ಪಕ್ಕ ಹಸಿರು ಗುರುತು ಹಾಕುತ್ತ ಹೋದೆ. ಒಂದು ವಯಸ್ಸಾದರೂ, ಒಂದು ಮನೆಯಾದರೂ ತಪ್ಪಬೇಡವೇ? ಇಲ್ಲ!

ನಡುದ್ವೀಪದ ಬಾವಿಗೆ ಬಂದಾಗ ಆಕೆಯ ದನಿ ಸಣ್ಣದಾಯಿತು. ಅಲ್ಲಿ ಮಳೆಯ ನೀರು ಮರಳಿನೊಳಗೆ ಇಳಿದು, ಕಡಲಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದಂತೆ. ಕಡಲು ಏರಿದರೆ ಬಾವಿಯೂ ಏರುತ್ತದೆ, ಇಳಿದರೆ ಇಳಿಯುತ್ತದೆ, ಆದರೆ ಉಪ್ಪಾಗುವುದಿಲ್ಲ. ಜೋರಾಗಿ ಸೇದಿದರೆ ಕಡಲು ಮೇಲೆ ಬರುತ್ತದೆ ಎಂದು ಕೊಡವನ್ನು ಮೆಲ್ಲಗೆ ಇಳಿಸಬೇಕು. ಇಡೀ ದ್ವೀಪ ಆ ತೇಲುವ ನೀರನ್ನು ಕುಡಿದು ಬದುಕುತ್ತದೆ. ನನ್ನ ಕೈಪಿಡಿಯಲ್ಲಿ ಅದಕ್ಕೆ ಇದ್ದದ್ದು 'ಕುಡಿಯುವ ನೀರು: ಬಾವಿ' ಎಂಬ ಸಾಲು. ಸುತ್ತ ನೋಡಿದರೆ ಪಕ್ಕದ ಸೆಕ್ಷನ್ನಿನವರೆಲ್ಲ ಚಹಾ ಲೋಟ ಹಿಡಿದು ನಿಂತಿದ್ದರು. ಹಾಲಪ್ಪನವರೂ ಒಂದು ಸ್ಟೂಲ್ ಎಳೆದುಕೊಂಡು ಕೂತಿದ್ದರು.

ಊಟದ ಹೊತ್ತಿಗೆ ಕೊಚ್ಚಿಯ ಪಕ್ಕದ ಕಳಮಶ್ಶೇರಿಗೆ ಫೋನ್ ಮಾಡಿದೆ. ನನ್ನ ಹೆಂಡತಿ ಸುಮಿತ್ರ ಅಲ್ಲಿಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಸಂಜೆ ರೈಲಿಗೆ ಒಬ್ಬರು ಅತಿಥಿಯ ಜೊತೆ ಬರುತ್ತೇನೆ, ಹೀಗೆ ಹೀಗೆ ಆಗಿದೆ ಎಂದೆ.

"ಎರಡು ಮನೆಯವರನ್ನೆಲ್ಲ ಹೊಡೆದು ಹಾಕಿದ್ರಾ?" ಎಂದು ನಕ್ಕಳು. "ಅಲ್ಲ ಮಾರಾಯ್ರೆ, ನಿಮ್ಮದು ಪಟ್ಟಂನಲ್ಲಿ ರೂಮು, ಶನಿವಾರ ಭಾನುವಾರ ನನ್ನ ಮನೆ, ರೇಷನ್ ಕಾರ್ಡು ಮಂಜೇಶ್ವರದ ಅಮ್ಮನ ಮನೆಯಲ್ಲಿ. ನಿಮ್ಮನ್ನು ಯಾರು ಎಲ್ಲಿ ಬರೆದುಕೊಂಡಿದ್ದಾರೆ ಅಂತ ಗೊತ್ತುಂಟಾ?"

ಹನ್ನೆರಡು ವರ್ಷದಿಂದ ನಾನು ಹಾಗೆ ಬದುಕುತ್ತಿದ್ದೆ. ಆ ನಮೂನೆಗಳನ್ನು ತಿದ್ದುವಾಗ ಅದು ತಲೆಗೆ ಹೊಳೆದೇ ಇರಲಿಲ್ಲ. ಫೋನ್ ಇಟ್ಟು ಹಸಿರು ಪೆನ್ನು ಎತ್ತಿಕೊಂಡೆ.

ಮೂರು ಗಂಟೆಗೆ ಹಾಜರಾಬಿ ತೆಂಕಣ ತುದಿಯ ಕೊನೆಯ ಮನೆಗೆ ಬಂದು ಕಣ್ಣು ತೆರೆದರು. ಎಣಿಸಿದೆ. ನೂರ ನಲವತ್ತೆರಡು.

"ಒಬ್ಬ ಬಿಟ್ಟುಹೋದ," ಎಂದೆ. "ತಾಯಿ ಮನೆ ಹದಿನೇಳು, ಹೆಂಡತಿ ಮನೆ ಮೂವತ್ತೆರಡು. ಇಸ್ಮಾಯಿಲ್, ಇಪ್ಪತ್ತಾರು ವರ್ಷ."

"ಅವನನ್ನು ನೀವು ಹೊಡೆದ ಹಾಗೆಯೇ ಬಿಡಿ."

"ಹಾಗಂದರೆ?"

"ಮೂವತ್ತೆರಡು ನನ್ನ ಮನೆ, ಸಾರೇ. ಅವನು ನನ್ನ ಅಳಿಯ. ಡಿಸೆಂಬರಿನಲ್ಲಿ ಸೂರೆಮೀನಿಗೆಂದು ದೋಣಿಯಲ್ಲಿ ಹೋದ, ಬರಲಿಲ್ಲ. ಮಗಳು ಇವತ್ತಿಗೂ ಸಂಜೆಯಾದರೆ ಬಾಗಿಲ ಚಿಲಕ ತೆಗೆದಿಟ್ಟು ಕಾಯುತ್ತಾಳೆ. ಅವನು ಬಂದಾಗ ನಾನು ಮನೆಯಲ್ಲಿ ಇರಬೇಕು ಅಂತಾಳೆ. ಅದಕ್ಕೇ ಹಡಗು ಹತ್ತಲಿಲ್ಲ."

ನಾನು ಕೂಡಿಸಿ ನೋಡಿದೆ. ಮುನ್ನೂರ ಐವತ್ತೇಳಕ್ಕೆ ನೂರ ನಲವತ್ತೆರಡು, ನಾನೂರ ತೊಂಬತ್ತೊಂಬತ್ತು. ಇಸ್ಮಾಯಿಲ್ ಇದ್ದರೆ ಐನೂರು.

"ಹಾಜರಾಬಿ, ಕೇಳಿ," ಎಂದೆ. "ಕಾಣೆಯಾದವನು ಏಳು ವರ್ಷ ಆಗುವ ತನಕ ಕಾನೂನಿನ ಲೆಕ್ಕದಲ್ಲಿ ಬದುಕಿದ್ದ ಹಾಗೆ. ನೀವು ಹೂಂ ಅನ್ನಿ ಸಾಕು, ನಾನು ಬರೆಯುತ್ತೇನೆ."

ಘೋಷಣಾಪತ್ರವನ್ನು ಓದಿ ಹೇಳಲು ಕೇಳಿದರು. 'ಈ ಮೇಲಿನವರೆಲ್ಲ ಈ ದಿನ ದ್ವೀಪದಲ್ಲಿ ವಾಸವಾಗಿದ್ದಾರೆ' ಎಂದಿತ್ತು.

"ಈ ದಿನ ಅವನು ಇಲ್ಲ," ಎಂದರು. "ಇರುವವರನ್ನು ಇಲ್ಲ ಅಂತ ಬರೆದಿರಿ ಅಂತಲ್ಲವೇ ನಾನು ನಿಮ್ಮನ್ನು ಕೇಳಲು ಬಂದದ್ದು? ಇಲ್ಲದವನನ್ನು ಇದ್ದಾನೆ ಅಂತ ನಾನು ಹೇಗೆ ಬರೆಸಲಿ?"

"ನಿಮ್ಮ ಮಗಳ ಜೀವದ ಪ್ರಶ್ನೆ ಮಾರಾಯ್ರೆ!" ಎಂದು ನಾನು ಕಿರುಚಿಯೇಬಿಟ್ಟೆ. ಅವರ ಕಣ್ಣು ತುಂಬಿತ್ತು, ಆದರೆ ಆಗದು ಎಂದು ತಲೆ ಅಲ್ಲಾಡಿಸಿದರು. ಎಂಥ ಹೆಂಗಸಪ್ಪಾ ಇದು ಎಂದು ನಾನು ಕೂತಲ್ಲೇ ಬೆರಗಾಗಿಹೋದೆ.

ಹಾಲಪ್ಪನವರು ಎದ್ದು ಎರಡು ಸಲ ಅತ್ತಿಂದಿತ್ತ ಓಡಾಡಿದರು. ಆಮೇಲೆ ಗಕ್ಕನೆ ನಿಂತರು.

"ರತ್ನಾಕರ, ಆ ಡಾಕ್ಟರಮ್ಮ ಎಲ್ಲಿ ಮಲಗ್ತಾಳ್ರೀ?"

"ಸಾರ್?"

"ದ್ವೀಪದಾಗ್ರೀ! ಯಾವ ಮನೀಗೆ ಬರ್ದೀರಿ ಆಕೀನ್ನ?"

ನಮೂನೆಗಳನ್ನು ಬುಡಮೇಲು ಮಾಡಿ ಹುಡುಕಿದೆ. ಎಲ್ಲಿಯೂ ಇಲ್ಲ. ಬರೆಯಲು ಹೋದವನು ಸಂಸಾರದ ಮನೆಗಳನ್ನು ಮಾತ್ರ ಹೊಕ್ಕಿದ್ದ, ದವಾಖಾನೆಯ ಹಿಂದಿನ ಒಂಟಿ ಕೋಣೆಯ ಬಾಗಿಲು ತಟ್ಟಿರಲಿಲ್ಲ. ಆರು ತಿಂಗಳಿಗಿಂತ ಹೆಚ್ಚು ಇದ್ದವರೆಲ್ಲ ನಿವಾಸಿಗಳು ಎಂಬುದು ನಮ್ಮದೇ ನಿಯಮ. ಕೊಚ್ಚಿಗೆ ಫೋನ್ ಹಚ್ಚಿದೆ. ಡಾಕ್ಟರ್ ಮೇರಿ ಅಲ್ಲಿಗೆ ಹೋಗಿ ಒಂದು ವರ್ಷವಾಗಿತ್ತು, ರಜೆ ತೆಗೆದುಕೊಂಡದ್ದು ಹತ್ತೇ ದಿನ.

"ಬರ್ಕೊಳ್ರಿ," ಎಂದರು ಹಾಲಪ್ಪ. "ಬಿಟ್ಟುಹೋದವರು: ಒಬ್ಬರು. ಒಟ್ಟು ಐನೂರು. ಖರೇ ಐನೂರು."

ಹಾಜರಾಬಿ ಸಹಿ ಮಾಡಿದರು, ನಾನು ಮಾಡಿದೆ, ಸಾಹೇಬರು ಮಾಡಿದರು. ಸೀಲು ಬಿದ್ದಾಗ ಪಕ್ಕದ ಸೆಕ್ಷನ್ನಿನವರು ಚಪ್ಪಾಳೆ ಹೊಡೆದರು. ಹಾಜರಾಬಿ ಏಳಲಿಲ್ಲ.

"ಸಾರೇ, ಇಸ್ಮಾಯಿಲ್ ಇರುವ ಆ ಕಾಗದ ನನಗೆ ಸಿಗುತ್ತದೆಯೇ? ಎರಡು ಮನೆಯಲ್ಲೂ ಅವನ ಹೆಸರಿರುವುದು ಅದೊಂದರಲ್ಲೇ. ರೇಷನ್ ಕಾರ್ಡಿನಲ್ಲಿ ತಾಯಿಯ ಮನೆ ಮಾತ್ರ ಇದೆ."

ನಮೂನೆಯನ್ನು ಹೊರಗೆ ಕೊಡುವಂತಿಲ್ಲ. ಕೊಟ್ಟರೂ ನನ್ನ ಕೆಂಪು ಗೆರೆ ಅವನ ಹೆಸರಿನ ಮೇಲೆ ಅಡ್ಡಲಾಗಿ ಎದ್ದು ಕಾಣುತ್ತಿತ್ತು. ನಾನು ಹಾಲಪ್ಪನವರ ಮುಖ ನೋಡಿದೆ. ನಿಯಮ ಬಿಟ್ಟು ಒಂದು ಹೆಜ್ಜೆ ಇಡದ ಮನುಷ್ಯ.

"ನವೆಂಬರ್‍ನ್ಯಾಗ ಇದ್ದನಲ್ಲಾ ಅಂವಾ?" ಎಂದರು ಮೆಲ್ಲಗೆ. "ಇದ್ದದ್ದನ್ನ ಇದ್ದಂಗ ಬರ್ದು ಕೊಡ್ರಿ. ಗೆರಿ ಮಾತ್ರ ಎಳೀಬ್ಯಾಡ್ರಿ. ನಾ ಸಹಿ ಹಾಕ್ತೀನಿ."

ಆ ಸಂಜೆಯ ರೈಲಿನಲ್ಲಿ ಹೊರಟು ಕಳಮಶ್ಶೇರಿಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಕೊಚ್ಚಿಯಲ್ಲಿರುವ ದ್ವೀಪದ ಆಡಳಿತ ಕಚೇರಿಯಲ್ಲಿ ಕಾಗದ ಕೊಟ್ಟು, ಹುದ್ದೆ ಉಳಿಯಿತೆಂಬ ಆದೇಶ ಹಿಡಿದು ಜೆಟ್ಟಿಗೆ ಬಂದಾಗ ಹತ್ತೂಕಾಲು. ಮಳೆಗಾಲದ ಅಕ್ಕಿ, ಸಿಮೆಂಟು, ಆಡುಗಳು, ಒಂದು ಹೊಲಿಗೆ ಯಂತ್ರ ಎಲ್ಲ ಹಡಗಿಗೆ ಏರುತ್ತಿದ್ದವು. ಡಾಕ್ಟರ್ ಮೇರಿ ಆದೇಶವನ್ನು ನಿಂತಲ್ಲೇ ಎರಡು ಸಲ ಓದಿ, ತಾನೇ ಟ್ರಂಕಿನ ಒಂದು ಕೈ ಹಿಡಿದು ಏಣಿ ಹತ್ತಿದರು.

ಹಾಜರಾಬಿ ಹಿಂದೆ ಉಳಿದು ನನ್ನ ಕಾಗದವನ್ನು ಬಿಚ್ಚಿದರು. ಇಂಗ್ಲಿಷಿನಲ್ಲಿತ್ತು.

"ಓದಿ," ಎಂದರು.

"ಹದಿನೇಳನೇ ಮನೆ. ಇಸ್ಮಾಯಿಲ್, ಇಪ್ಪತ್ತಾರು, ಮಗ. ಮೂವತ್ತೆರಡನೇ ಮನೆ. ಇಸ್ಮಾಯಿಲ್, ಇಪ್ಪತ್ತಾರು, ಗಂಡ."

"ಮಗಳಿಗೆ ತೋರಿಸ್ತೀರಾ?" ಎಂದು ಕೇಳಿದೆ.

"ಹೆರಿಗೆಯಾಗಲಿ, ಆಮೇಲೆ. ಅವನು ಹೋದ ಅಂತ ಅವಳಿಗೆ ಇನ್ನೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ಅವನಿಲ್ಲ ಅಂತ ನಿನ್ನೆ ನಿಮ್ಮ ಮುಂದೆ ಹೇಳಿದೆನಲ್ಲ, ನಾನೂ ಅದೇ ಮೊದಲು ಹೇಳಿದ್ದು."

ಹಡಗು ಸಿಳ್ಳೆ ಹಾಕಿತು. ಅವರು ಕಾಗದವನ್ನು ಮಡಚಲು ಹೋದವರು ತಡೆದು, ಮತ್ತೆ ನನ್ನ ಕಡೆ ಚಾಚಿದರು.

"ಮೂವತ್ತೆರಡನೇ ಮನೆಯದ್ದು ಮಾತ್ರ ಇನ್ನೊಂದು ಸಲ ಓದಿ, ಮೋನೇ," ಎಂದರು. ನಾನು ಓದಿದೆ.