ಮಾವನ ಸೀಗಡಿ ತೊಟ್ಟಿ

ದಿನವಿಡೀ ಕೀವು, ರಕ್ತ, ಕೊಳೆತ ಗಾಯಗಳ ನಡುವೆ ಓಡಾಡುವ ನರ್ಸಮ್ಮನಿಗೆ ಆಸ್ಪತ್ರೆಯಲ್ಲಿ ಎಂದೂ ಹೇಸಿಗೆ ಅನ್ನಿಸಿದ್ದಿಲ್ಲ. ಅಲ್ಲಿ ಕೈಗೆ ಗವಸು ಇತ್ತು, ಹೊಲಸಿಗೆ ಮುಚ್ಚಳದ ಬುಟ್ಟಿ ಇತ್ತು. ಅವಳ ಹೇಸಿಗೆಯೆಲ್ಲ ಶುರುವಾಗುತ್ತಿದ್ದದ್ದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಮನೆಯಲ್ಲಿ ಮಾವ ಇದ್ದರು.

ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕೈ ನಡುಗತೊಡಗಿದ ಮೇಲೆ ಅಂಗಡಿ ಮುಚ್ಚಿ ಮಗನ ಮನೆ ಸೇರಿ ಎರಡು ವರ್ಷವಾಗಿತ್ತು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ನೀರಿನ ಲೋಟದಲ್ಲಿ ಹಾಕಿ ಊಟದ ಮೇಜಿನ ಮೇಲೆಯೇ ಇಡುವರು. ಬೇಸಿನ್ನಿಗೆ ಕ್ಯಾಕರಿಸಿ ಉಗಿದು ನೀರು ಬಿಡಲು ಮರೆಯುವರು. ಕಿವಿ ಕೆರೆದ ಬೆಂಕಿಕಡ್ಡಿಗಳು ಕಿಟಕಿಯ ಸಂದಿಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಸೊಸೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಮೂಗು ಸಿಂಡರಿಸಿ, ಬ್ರಷ್ಷು ಹಿಡಿದು ಅವರ ಹಿಂದೆಯೇ ಉಜ್ಜುತ್ತ ಹೋಗುತ್ತಿದ್ದಳು. ಎಷ್ಟು ಬೈಗುಳವಿತ್ತೋ ಅಷ್ಟೂ ಆ ಉಜ್ಜುವ ಸದ್ದಿನಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಾಗಿಲು ತೆರೆದವಳಿಗೆ ಗಪ್ಪೆಂದು ನಾತ ಬಡಿಯಿತು. ಕೆಟ್ಟ ಮೊಟ್ಟೆಯನ್ನು ಒದ್ದೆ ಸಾಕ್ಸಿನಲ್ಲಿ ಸುತ್ತಿಟ್ಟಂಥ ನಾತ. ಜಾಡು ಹಿಡಿದು ಹೋದರೆ ಮಾವನ ಕೋಣೆಯ ಕಿಟಕಿಯ ಕಟ್ಟೆಯ ಮೇಲೊಂದು ಗಾಜಿನ ಭರಣಿ. ಒಳಗೆ ಒಡೆದ ಹಾಲಿನಂಥ ನೀರು, ಮೇಲೆ ಲೋಳೆಯ ಕೆನೆ, ತಳದಲ್ಲಿ ಕಂದು ಬಗ್ಗಡ. ನಡುವೆ ಎಳೆಯಂಥ ಏನೋ ಅಂಗಾತ ಬಿದ್ದು ಕಾಲಾಡಿಸುತ್ತಿತ್ತು.

“ಏನ್ ಮಾವ ಇದು?”

“ಸೀಗಡಿ ಕಣಮ್ಮಾ, ಉಪ್ಪುನೀರಿನವು. ಸಾಕೋ ಮೀನಿನಂಗಡಿಯಿಂದ ಮೊಟ್ಟೆ ತಂದೆ. ನೋಡಿದ್ರೆ ಬರೀ ಕಂದು ಪುಡಿ! ಉಪ್ಪುನೀರಿಗೆ ಹಾಕಿದ್ರೆ ಎರಡೇ ದಿನಕ್ಕೆ ಜೀವ ಬಂದ್ಬಿಡ್ತು.” ಮಾವನ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡಿರಲಿಲ್ಲ. “ಪಾಪ, ಹಸಿದಿರ್ತಾವೆ ಅಂತ ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ಯೀಸ್ಟ್ ಹಾಕ್ತಿದೀನಿ.”

ಮರುದಿನ ಮಾವ ಕ್ಷೌರಕ್ಕೆ ಹೋದದ್ದೇ ತಡ, ಅವಳು ಉಸಿರು ಬಿಗಿಹಿಡಿದು ಭರಣಿಯನ್ನು ಕಕ್ಕಸಿಗೆ ಸುರಿದು, ಎರಡು ಸಲ ನೀರು ಬಿಟ್ಟಳು. ಭರಣಿಯನ್ನು ಬ್ಲೀಚಿನಲ್ಲಿ ತೊಳೆದು ಬೋರಲು ಹಾಕಿದಳು.

ಮಾವ ಬಂದು ಖಾಲಿ ಕಿಟಕಿಯ ಮುಂದೆ ನಿಂತರು. “ಚೆಲ್ಲಿಬಿಟ್ಯಾ?”

“ಸತ್ತು ನಾರ್ತಿದ್ವು ಮಾವ.”

“ಏಳು ಬದುಕಿದ್ವು. ಬೆಳಿಗ್ಗೆ ಎಣಿಸಿದ್ದೆ.”

ಅಷ್ಟೇ ಅಂದರು. ಆ ರಾತ್ರಿ ಊಟಕ್ಕೆ ಏಳಲಿಲ್ಲ. ಬದುಕಿದ್ದ ಆ ಏಳರ ಲೆಕ್ಕ ಅವಳ ತಲೆಯಿಂದ ಇಳಿಯಲಿಲ್ಲ. ವಾರ್ಡಿನಲ್ಲಿ ಉಸಿರಿರುವ ಒಬ್ಬರನ್ನೂ ಕೈಬಿಟ್ಟವಳಲ್ಲ ಅವಳು. ಕೈ ಎಷ್ಟು ತೊಳೆದರೂ ಆ ನಾತ ಹೋಗಲಿಲ್ಲ, ಮೊದಲ ಸಲ ತನ್ನ ಬಗ್ಗೆಯೇ ತನಗೆ ವಾಕರಿಕೆ ಬಂತು.

ಮಾರನೇ ದಿನ ಡ್ಯೂಟಿ ಮುಗಿಸಿ ನೇರ ಮೀನಿನಂಗಡಿಗೆ ಹೋದಳು. ಅಂಗಡಿಯವನು ತೊಟ್ಟಿಯಲ್ಲಿ ಅದ್ದಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅದೇ ಕೈಯಲ್ಲಿ ಬನ್ನು ಮುರಿದು ತಿನ್ನುತ್ತಿದ್ದ. ಅವಳು ಸೀಗಡಿ ಮೊಟ್ಟೆಯ ಪೊಟ್ಟಣ ಕೊಂಡು, ಗೋಡೆಯ ಕಡೆ ನೋಡುತ್ತ, “ಇವು ಸಾಯದೆ ಇರಬೇಕಾದ್ರೆ ಏನ್ ಮಾಡ್ಬೇಕು? ಒಂದೊಂದಾಗಿ ಹೇಳಿ,” ಅಂದಳು. ಅವನು ಹೇಳಿದ್ದನ್ನು ಔಷಧಿ ಚೀಟಿಯಂತೆ ಬರೆದುಕೊಂಡಳು.

ಭರಣಿ ಬೇಡ, ಅಗಲ ಬಾಯಿಯ ಗಾಜಿನ ತೊಟ್ಟಿ ಬೇಕು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು, ಕ್ಲೋರಿನ್ ತೆಗೆಯುವ ಹನಿ ಹಾಕಿದಳು. ಅಡುಗೆಮನೆಯ ಉಪ್ಪು ಬಿಟ್ಟು ಸಮುದ್ರ ಮೀನಿಗೆ ಹಾಕುವ ಉಪ್ಪನ್ನು ಲೀಟರಿಗೆ ಮೂವತ್ತೈದು ಗ್ರಾಂ ತೂಗಿ ಕರಗಿಸಿದಳು. ಗಾಳಿ ಪಂಪಿನ ತುದಿಯಲ್ಲಿ ಗುಳ್ಳೆಯನ್ನು ಸಣ್ಣದಾಗಿಸುವ ಕಲ್ಲನ್ನು ಕಿತ್ತು, ಬರೀ ನಳಿಕೆಯಿಂದ ದಪ್ಪ ಗುಳ್ಳೆ ನಿಧಾನ ಏಳುವಂತೆ ಮಾಡಿದಳು. ಸಣ್ಣ ಗುಳ್ಳೆ ಮರಿಗಳಿಗೆ ಅಂಟಿ ಕೊಲ್ಲುತ್ತದಂತೆ. ಮೇಲೊಂದು ದೀಪ, ಪಕ್ಕದಲ್ಲಿ ಉಷ್ಣಮಾಪಕ. ಕೊನೆಗೆ ಮೊಟ್ಟೆಯ ಪುಡಿ ಉದುರಿಸಿದಳು.

“ಚಮಚ ಮುಟ್ಟೋ ಹಾಗಿಲ್ಲ ಮಾವ,” ಅಂದಳು. “ಹಲ್ಲುಕಡ್ಡಿ ತುದಿಯಷ್ಟು ಪಾಚಿಪುಡಿ. ನೀರು ತಿಳಿಯಾಗೋ ತನಕ ಮತ್ತೆ ಹಾಕಬಾರದು. ನೀರು ಆವಿಯಾಗಿ ಇಳಿದ್ರೆ ಸಿಹಿನೀರೇ ಸೇರಿಸ್ಬೇಕು, ಉಪ್ಪು ಒಳಗೇ ಉಳಿದಿರುತ್ತೆ.”

“ಆಗ್ಲಿ ಸಿಸ್ಟರ್,” ಅಂದರು ಮಾವ.

ಮೂರು ವಾರಕ್ಕೆ ಸೀಗಡಿಗಳು ಉಗುರಿನಷ್ಟು ಬೆಳೆದವು. ಮಾವ ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಕೂರುವರು. ಅವಳೂ ಒಮ್ಮೆ ನೋಡಿದಳು. ಹನ್ನೊಂದು ಜೊತೆ ಕಾಲು, ಗಾಜಿನಂಥ ಮೈಯೊಳಗೆ ಹಸಿರು ಕರುಳು, ಕರುಳಿನ ತುದಿಯಲ್ಲಿ ನೇತಾಡುವ ಹೇಲಿನ ದಾರ. ಹೆಣ್ಣನ್ನು ಹಿಂದಿನಿಂದ ಕವಚಿ ಹಿಡಿದ ಗಂಡು ಎರಡು ದಿನವಾದರೂ ಬಿಟ್ಟಿರಲಿಲ್ಲ. “ಥೂ!” ಅಂದು ಭೂತಗನ್ನಡಿ ವಾಪಸ್ ಕೊಟ್ಟಳು.

ವಾರಕ್ಕೊಮ್ಮೆ ತಳದ ಬಗ್ಗಡವನ್ನು ಇನ್ನೊಂದು ನಳಿಕೆಯಿಂದ ಬಕೆಟ್ಟಿಗೆ ಎಳೆದು ತೆಗೆಯಬೇಕಿತ್ತು. ಒಂದು ಭಾನುವಾರ ನಳಿಕೆ ಕಟ್ಟಿಕೊಂಡಿತು. ಮಾವನ ಕೈ ನಡುಗಿ ನಳಿಕೆ ನಿಲ್ಲಲಿಲ್ಲ. ಅವಳು ಸಿಟ್ಟಿನಲ್ಲಿ ಕಿತ್ತುಕೊಂಡು ಬಾಯಿ ಹಚ್ಚಿ ಎಳೆದಳು. ಪುಸಕ್ಕೆಂದು ಬಂತು ಬಾಯಿ ತುಂಬ: ಉಪ್ಪು, ಕಳಚಿದ ಸಿಪ್ಪೆ, ವಾರದ ಹೊಲಸು, ನಾಲಿಗೆಯ ಮೇಲೆ ಮೃದುವಾದ ಒಂದು ಹೆಣ. ಬೇಸಿನ್ನಿಗೆ ಓಡಿ ಕರುಳು ಬಾಯಿಗೆ ಬರುವಂತೆ ಕಾರಿದಳು.

ಮಾವ ಗಾಬರಿಯಿಂದ ಹಿಂದೆಯೇ ಬಂದು ಲೋಟ ಹಿಡಿದರು. ಅರ್ಧ ತುಳುಕಿಹೋಗಿತ್ತು. ಗಳಗಳ ಎರಡು ಸಲ ಮುಕ್ಕಳಿಸಿದ ಮೇಲೆ ಅವಳು ಲೋಟ ನೋಡಿದಳು. ಹಲ್ಲಿನ ಲೋಟ. ಮತ್ತೆ ಬೇಸಿನ್ನಿಗೆ ಬಾಗಿದಳು.

ತಲೆ ಎತ್ತಿದಾಗ ಕಣ್ಣು ಮೂಗೆಲ್ಲ ನೀರು. “ಮಾವ, ಈ ಲೋಟ ಕಂಡ್ರೆ ನಂಗೆ ಹೇಸಿಗೆ. ಮೇಜಿನ ಮೇಲೆ ಇಡ್ಬೇಡಿ. ಇಲ್ಲಿ ಉಗಿದು ಹಾಗೇ ಹೋಗ್ಬೇಡಿ. ಆ ಬೆಂಕಿಕಡ್ಡಿ...” ಅಳುವೂ ಬಂತು.

ಮಾವ ಲೋಟವನ್ನು ಬೆನ್ನ ಹಿಂದೆ ಮರೆಮಾಡಿದರು. “ಬಾಯಿಬಿಟ್ಟು ಹೇಳೋದಲ್ವೇನಮ್ಮಾ? ಎರಡು ವರ್ಷದಿಂದ ನೀನು ಬರೀ ಉಜ್ತಾನೇ ಇದ್ದೆ. ನನ್ನನ್ನೇ ಉಜ್ಜಿ ಹಾಕ್ಬೇಕು ಅಂತ ಇದೀಯ ಅಂದ್ಕೊಂಡಿದ್ದೆ.”

ಸಂಜೆಯ ಹೊತ್ತಿಗೆ ಲೋಟ ಮಾವನ ಕೋಣೆ ಸೇರಿತ್ತು. ಮಾವ ಆಮೇಲೂ ಕೆಲವು ಸಲ ಮರೆತರು. ಅವಳು ಗಟ್ಟಿಯಾಗಿ ಬೈದಳು, ಅವರೂ ಗೊಣಗಿದರು.

ಬೆಳಿಗ್ಗೆ ಹೋದರೆ ರಾತ್ರಿಯೇ ಬರುವ, ಇದಾವುದೂ ತಿಳಿಯದ ಅವಳ ಗಂಡ ಮುಂದಿನ ವಾರ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಒಳಗೊಂದು ಕಿತ್ತಳೆ ಮೀನು ಬಾಯಿ ಬಡಿಯುತ್ತಿತ್ತು.

“ಅಪ್ಪಾ, ನಿಮ್ಮ ಸೀಗಡಿ ಇದಕ್ಕೆ ಒಳ್ಳೆ ಮೇವಂತೆ! ದಿನಾ ನಾಲ್ಕು ಹಾಕಿದ್ರೆ—”

“ಥೂ, ಹೊಲಸು!” ಎಂದು ಮಾವನೂ ಸೊಸೆಯೂ ಒಟ್ಟಿಗೇ ಕಿರುಚಿದರು. ಅವಳು ಚಪ್ಪಲಿ ಕಳಚಲೂ ಬಿಡದೆ ಅವನನ್ನು ಚೀಲದ ಸಮೇತ ಅಂಗಡಿಗೆ ವಾಪಸ್ ಅಟ್ಟಿದಳು.