ಶಾಲೆ ಬಿಟ್ಟ ಕಾರಣಗಳ ಪಟ್ಟಿ

ನೂರಾರು ಶಾಲೆಗಳ ದಾಖಲೆ ಒಂದೇ ಕಡೆ ಸೇರುವುದರಿಂದ, ಮಗು ಶಾಲೆ ಬಿಟ್ಟ ಕಾರಣವನ್ನು ಎಲ್ಲರೂ ಒಪ್ಪಿದ ಪದಗಳಲ್ಲೇ ಬರೆಯಬೇಕು. ಮುಂಬಯಿಯ ಘಾಟ್ಕೋಪರಿನ ಆಫೀಸಿನಲ್ಲಿ ಆ ಪದಪಟ್ಟಿ ನೋಡಿಕೊಳ್ಳುವವಳು ಮಹಾದೇವಿ. ‘ತಮ್ಮ-ತಂಗಿಯರ ಆರೈಕೆ’ ಎಂಬ ಕಾರಣವನ್ನು ಅವಳೇ ಹಠ ಹಿಡಿದು ಸೇರಿಸಿದ್ದಳು. ಚಿಕ್ಕವಳಿದ್ದಾಗ ಧಾರಾವಿಯಲ್ಲಿ ಅವಳು ಮೂರು ವರ್ಷ ಶಾಲೆ ಬಿಟ್ಟು ಕೂತದ್ದು ತಮ್ಮನನ್ನು ನೋಡಿಕೊಳ್ಳಲೆಂದೇ.

“ಅಕ್ಕಾ, ಈ ತಮ್ಮ-ತಂಗಿಯರ ಆರೈಕೆಯನ್ನೂ ‘ಮನೆಗೆಲಸ’ಕ್ಕೇ ಸೇರಿಸ್ಲಿಕ್ಕೆ ಹೇಳಿದ್ದಾರೆ ಸಾಹೇಬ್ರು,” ಎಂದಳು ಜೊತೆಗೆ ಕೆಲಸ ಮಾಡುವ ಲಾವಣ್ಯಾ. “ಶಾಲೆ ಬಿಡ್ಲಿಕ್ಕೆ ಎಷ್ಟು ಕಾರಣ ಮಾರಾಯ್ರೆ!”

“ಹೂಂ, ಮಾಡ್ತೀನಿ ತಗೋ.”

ಕೈಬಿಟ್ಟ ಪದವನ್ನು ಅಳಿಸುವ ಪದ್ಧತಿಯಿಲ್ಲ. ಬದಲಿಗೆ ಏನು ಬಳಸಬೇಕೆಂದು ಅದರ ಮುಂದೆ ಬರೆದಿಡಬೇಕು. ಮಹಾದೇವಿ ‘ಮನೆಗೆಲಸ ಎಂದು ಬಳಸಿ’ ಎಂದು ಟೈಪು ಮಾಡಿದಳು. ಆ ಮೂರು ವರ್ಷ ಸೊಂಟದ ಮೇಲೆ ಹೊತ್ತ ತಮ್ಮನ ಭಾರವನ್ನು ನೆನೆಯಹೋದಳು, ಏನೂ ನೆನಪಾಗಲಿಲ್ಲ. ಮುಂದಿನ ಪದ ತೆರೆದಳು.