ಕೂಗದೆ ತೆಗೆದ ಬಾಗಿಲು

ಬೇಸಿಗೆಯ ಕೊನೆ, ಮಧ್ಯಾಹ್ನ ಮೂರು ದಾಟಿತ್ತು. ಬೀಗದ ಅಂಗಡಿಯ ತಗಡಿನ ಸೂರು ಕಾದು ಕೆಂಡವಾಗಿತ್ತು. ಬೀಗದವನು ಅರ ಹಿಡಿದು ಕೀಲಿಯೊಂದರ ಹಲ್ಲು ತೀಡುತ್ತಿದ್ದಾಗ ಪೊಲೀಸ್ ಜೀಪು ಬಂದು ನಿಂತಿತು. ಅದರಲ್ಲಿ ಹೊಸದೇನಿಲ್ಲ. ಮುಚ್ಚಿದ ಬಾಗಿಲು ಎದುರಾದಾಗೆಲ್ಲ ಠಾಣೆಯವರು ಅವನನ್ನೇ ಕರೆಯುತ್ತಿದ್ದರು.

"ಹತ್ತಯ್ಯ, ಬೇಗ," ಅಂದರು ದಫೇದಾರರು.

"ಯಾರ ಮನೆ ಸಾರ್?"

ದಫೇದಾರರು ಮುಖ ಆ ಕಡೆ ತಿರುಗಿಸಿದರು. "ನಿಮ್ಮಕ್ಕಂದೇ."

ಅಕ್ಕ ಎರಡು ಬೀದಿ ಆಚೆ, ಮಹಡಿಯ ಒಂಟಿ ಕೋಣೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು, ಕೈ ಹಿಡಿದು ಅವನ ಹೆಸರು ಬರೆಯಲು ಕಲಿಸಿದವಳು. ಅವನಿಗೆ ಬಂದ ಅಕ್ಷರ ಅಷ್ಟೇ, ಅವಳದ್ದೇ. ಆರು ದಿನದಿಂದ ಅವಳು ಬಾಗಿಲು ತೆಗೆದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ನಾಳೆ ಹೋದರಾಯ್ತು ಅಂತ ಆರು ನಾಳೆಗಳನ್ನು ನುಂಗಿದ್ದ. ಕಡೆಗೆ ಕೆಳಮನೆಯವರು ತುರ್ತು ನಂಬರಿಗೆ ಫೋನ್ ಮಾಡಿದ್ದರು.

ಜೀಪಿನ ಹಿಂದಿನ ಸೀಟಿನಲ್ಲಿ ಮಾನಸಿಕ ವಾರ್ಡಿನ ನರ್ಸಮ್ಮ ಕೂತಿದ್ದರು. ಇಂಥ ಕರೆ ಬಂದರೆ ಪೊಲೀಸರ ಜೊತೆ ಅವರೂ ಹೋಗಬೇಕು ಅಂತ ಹೊಸ ಏರ್ಪಾಡು, ಮೂರು ತಿಂಗಳ ಪರೀಕ್ಷೆಗೆ. ಉಪಯೋಗ ಕಂಡರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಇಲ್ಲ.

ಮಹಡಿ ಹತ್ತಿದವರೇ ನರ್ಸಮ್ಮ ಬಾಗಿಲ ಮುಂದೆ ನೆಲದ ಮೇಲೆ ಕೂತರು; ಪೊಲೀಸರೂ ಬೀಗದವನೂ ಹಿಂದೆ ನಿಂತರು. ಹೊರಗೆ ಬನ್ನಿ ಅಂತ ಒಂದು ಸಲವೂ ಅನ್ನಲಿಲ್ಲ. ಇವತ್ತು ಏನು ಹೊಲಿದಿರಿ ಅಂತ ಕೇಳಿದರು. ಆಮೇಲೆ ಒಳಗಿನಿಂದ, "ಗುಂಡಿಗೆ ಕಾಜ. ಎಷ್ಟು ಹೊಲಿದ್ರೂ ಸರಿಯಾಗಿ ಬರ್ತಿಲ್ಲ."

ಕೆಳಗೆ ಬೀದಿಯೇ ನೆರೆದಿತ್ತು. "ಊರಿನ ಬೀಗವೆಲ್ಲ ತೆಗೀತಾನೆ, ಸ್ವಂತ ಅಕ್ಕನ ಬಾಗಿಲ ಮುಂದೆ ಕೈಕಟ್ಟಿ ನಿಂತಿದ್ದಾನೆ ನೋಡಿ," ಅಂದ ಇಸ್ತ್ರಿಯವನು. ಯಾರೋ ನಕ್ಕರು. ಬೀಗದವನ ಕಿವಿ ಕಾದವು.

ಅವನಿಗೆ ಕೆಲಸ ಕಲಿಸಿದ ಮುದುಕ ಒಂದು ಮಾತು ಕಟ್ಟಿಕೊಟ್ಟಿದ್ದ. ಬೀಗ ಮುಟ್ಟೋ ಮುಂಚೆ ಮೂರು ಸಲ ಕೂಗು. ಕೂಗದೆ ತೆಗೆಯೋನಿಗೂ ಕಳ್ಳನಿಗೂ ಹತ್ಯಾರ ಒಂದೇ. ಖಾಲಿ ಮನೆ ಅಂತ ಗೊತ್ತಿದ್ದರೂ ಬೀಗದವನು ಕೂಗಿಯೇ ತೆಗೆಯುತ್ತಿದ್ದ. ನಲವತ್ತು ವರ್ಷ ಆ ಮಾತು ಮೀರಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಅಕ್ಕ ಅಂದಳು, "ಬರ್ತೀನಮ್ಮ. ಬಟ್ಟೆ ಬದಲಾಯಿಸಿ, ತಲೆ ಬಾಚ್ಕೊಂಡು ನಾನೇ ತೆಗೀತೀನಿ. ಪೊಲೀಸಿನವರು ಸ್ವಲ್ಪ ಕೆಳಗೆ ನಿಲ್ಲಲಿ."

ಜನರನ್ನು ಚದುರಿಸಿ ಬರುತ್ತೇನೆ, ಹತ್ತು ನಿಮಿಷ ಕೊಡಿ ಅಂತ ನರ್ಸಮ್ಮ ಮೆಟ್ಟಿಲಿಳಿದರು. ದಫೇದಾರರು ಗಡಿಯಾರ ನೋಡಿದರು. "ಹತ್ತು ಹತ್ತು ಅಂತ ನಲವತ್ತಾಯ್ತು," ಅಂತ ಗೊಣಗಿ ಬೀಗದವನ ಕಡೆ ಹುಬ್ಬು ಹಾರಿಸಿದರು.

ಅವನು ಹಾಕಿಕೊಟ್ಟ ಬೀಗವೇ ಅದು. ಕೂಗಲಿಲ್ಲ. ತಂತಿ ತೂರಿಸಿ ಒಂದು ತಿರುವು ಕೊಟ್ಟ; ಇರುವೆ ನಡೆದಷ್ಟೂ ಸದ್ದಾಗದೆ ಬಿಟ್ಟುಕೊಂಡಿತು. ಒಂದು ಉಸಿರಿನಷ್ಟು ಹೊತ್ತು ಅವನಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯೇ ಆಮೇಲೆ ಅವನನ್ನು ಹುಳದ ಹಾಗೆ ಕೊರೆದದ್ದು.

ಅಕ್ಕ ಒಳಲಂಗದಲ್ಲಿದ್ದಳು, ಬಾಚಣಿಗೆ ಕೂದಲಲ್ಲಿ. ಮೊದಲು ಅವನನ್ನೇ ನೋಡಿದಳು. "ನೀನಾ?"

ಅವನನ್ನು ತಳ್ಳಿಕೊಂಡು ಪೊಲೀಸರು ನುಗ್ಗಿದರು. ಅವಳು ಬೆದರಿ ಮೇಜಿನ ಮೇಲಿದ್ದ ಕತ್ತರಿ ಹಿಡಿದಳು. ಆಮೇಲೆ ಹೇಳುವಂಥದ್ದೇನಿಲ್ಲ. ಹೊದಿಕೆ ಸುತ್ತಿ ನಾಲ್ಕು ಜನ ಎತ್ತಿಕೊಂಡು, ಇಡೀ ಬೀದಿ ನೋಡುವಂತೆ ಇಳಿಸಿದರು. ಬಾಚಣಿಗೆ ಇನ್ನೂ ಕೂದಲಲ್ಲೇ ಸಿಕ್ಕಿಕೊಂಡಿತ್ತು.

ಮೆಟ್ಟಿಲ ಬುಡದಲ್ಲಿ ನಿಂತ ನರ್ಸಮ್ಮ ಒಂದೇ ಮಾತು ಅಂದರು, "ಬರ್ತಿದ್ರಲ್ಲ."

ಸಂಜೆ ಠಾಣೆಯಲ್ಲಿ ದಫೇದಾರರು ಬರೆದದ್ದನ್ನು ಓದಿ ಹೇಳಿದರು. ನರ್ಸ್ ನಲವತ್ತು ನಿಮಿಷ ಮಾತನಾಡಿಸಿದರೂ ಒಳಗಿನಿಂದ ಉತ್ತರ ಬಾರದ ಕಾರಣ ಬಾಗಿಲು ತೆರೆಯಲಾಯಿತು. "ಹೀಗಿದ್ರೆ ನಿನ್ನ ಮೇಲೂ ಮಾತು ಬರಲ್ಲ, ನನ್ನ ಮೇಲೂ ಬರಲ್ಲ." ಬೀಗದವನು ಬಗ್ಗಿ, ಅಕ್ಕ ಕಲಿಸಿದ ಸೊಟ್ಟ ಅಕ್ಷರದಲ್ಲಿ ಸಾಕ್ಷಿಯಾಗಿ ರುಜು ಹಾಕಿದ.

ಐದು ವಾರ ಕಳೆದು ಅಕ್ಕ ಆಸ್ಪತ್ರೆಯಿಂದ ಬಂದಳು. ಅವನು ಹಾಲು ತಗೊಂಡು ಹೋದಾಗ ಬಾಗಿಲು ಹಾರುಹೊಡೆದಿತ್ತು. ಮಾರನೆಯ ದಿನವೂ ಹಾಗೇ, ಅದರಾಚೆ ದಿನವೂ ಹಾಗೇ. ಮಲಗಿದಾಗಲೂ ಮುಚ್ಚುವುದಿಲ್ಲ ಅಂದರು ಕೆಳಮನೆಯವರು.

"ಬಾಗಿಲು ಹಾಕ್ಕೋ ಅಕ್ಕಾ."

"ಯಾಕಪ್ಪ? ತೆಗೆಯೋಕೆ ನೀನಿದ್ದೀಯಲ್ಲ."

ಅವಳು ಮಿಷನ್ನಿನ ಗಾಲಿಗೆ ಅಂಗೈ ಒತ್ತಿ ನಿಲ್ಲಿಸಿದಳು. "ಒಂದು ಕೇಳ್ತೀನಿ. ನಾನು ಬರ್ತೀನಿ ಅಂದದ್ದು ನಿನಗೆ ಕೇಳಿಸ್ತಾ?"

ಸುಳ್ಳಿಗೆ ಜಾಗವಿತ್ತು. "ಕೇಳಿಸ್ತು."

"ಹಾಗಾದ್ರೆ ಅಂದಿದ್ದೆ." ಅವಳು ಉಸಿರು ಬಿಟ್ಟಳು. "ಅಲ್ಲಿ ಡಾಕ್ಟರು, ನೀವು ಉತ್ತರಾನೇ ಕೊಟ್ಟಿಲ್ಲ, ಕಾಗದದಲ್ಲಿದೆ ಅಂದ್ರು. ಇಷ್ಟು ದಿನ ನನ್ನ ತಲೇನೇ ಸುಳ್ಳು ಹೇಳ್ತಿದೆ ಅಂದ್ಕೊಂಡಿದ್ದೆ."

ಆ ಕಾಗದದ ಕೆಳಗೆ ಯಾರ ರುಜು ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಮೇಲಾಗಿತ್ತು. ಅವನೇ ಹೇಳಿದ. ಅವಳು ಸೂಜಿಗೆ ದಾರ ಪೋಣಿಸಿದಳು, ಮೂರು ಸಲ ತಪ್ಪಿ.

ಅಲ್ಲಿಂದ ನೇರ ಠಾಣೆಗೆ ಹೋದ. ಆ ಕಾಗದ ಮೇಲಿನವರಿಗೆ ಹೋಯ್ತಯ್ಯ, ಬಿಡು ಅಂದರು ದಫೇದಾರರು. ಅವನು ಕದಲಲಿಲ್ಲ, ಎರಡು ಹಾಳೆ ಕೇಳಿ ಇಸಿದುಕೊಂಡು, ಬೆವರುತ್ತಾ, ಅಕ್ಷರ ಅಕ್ಷರಕ್ಕೂ ಪೇದೆಯನ್ನು ಕೇಳಿ ಕೇಳಿ, ಎರಡರಲ್ಲೂ ಒಂದೇ ಮಾತು ಬರೆದ. ಅಕ್ಕ ಬರ್ತೀನಿ ಅಂದಳು. ನಾನು ಕೇಳಿದೆ. ಕೂಗದೆ ತೆಗೆದೆ. ಒಂದನ್ನು ದಫೇದಾರರ ಮೇಜಿನ ಮೇಲಿಟ್ಟ.

"ಇದನ್ನ ಯಾರಿಗೆ ತೋರಿಸ್ಲಿ? ನರ್ಸ್ ಜೊತೆಗೆ ಬರೋ ಆ ಏರ್ಪಾಡೇ ನಿಂತೋಯ್ತು. ನಿಮ್ಮಕ್ಕನ ಮನೆ ಕಾಗದಾನೇ ನೋಡಿ, ಉಪಯೋಗವಿಲ್ಲ ಅಂತ ಮೇಲಿನವರು ಬರೆದ್ರು."

ಇನ್ನೊಂದು ಹಾಳೆಯನ್ನು ಅಕ್ಕ ಎರಡು ಸಲ ಓದಿದಳು. "ಅಕ್ಷರ ಇನ್ನೂ ಸೊಟ್ಟಗೇ ಇದೆ," ಅಂದು ಮಿಷನ್ನಿನ ಖಾನೆಯಲ್ಲಿಟ್ಟಳು. ಬಾಗಿಲು ಮುಚ್ಚಲಿಲ್ಲ.

ಅವತ್ತು ಬುಧವಾರ. ನರ್ಸಮ್ಮ ಜೀಪು ಬಿಟ್ಟು ವಾರ್ಡಿಗೆ ವಾಪಸ್ ಹೋದದ್ದು ಎರಡೇ ದಿನ ಹಿಂದೆ, ಸೋಮವಾರ.